ಅಂಗಳದಲ್ಲಿ ಓಡುವ ಉಗಿ ಎಂಜಿನ್: 45 ಮಿ.ಮೀ. ಹಳಿಯ ಗ್ಯಾಸ್ ಮಾದರಿ ಕೊಳ್ಳಬಹುದೇ?

ಬ್ಯುಟೇನ್ ಗ್ಯಾಸಿನ ಉರಿಯಲ್ಲಿ ನೀರು ಕುದಿಸಿ, ನಿಜವಾದ ಉಗಿಯಿಂದಲೇ ಓಡುವ ಚಿಕ್ಕ ರೈಲು ಎಂಜಿನ್‌ಗಳ ಬಗ್ಗೆ ಈ ಬರಹ. ಹಳಿಯ ಅಗಲ 45 ಮಿ.ಮೀ., ಗಾಲಿ ನಾಲ್ಕು, ಜೋಡಣೆ 0-4-0, ಎಂದರೆ ನಾಲ್ಕೂ ಉಗಿ ತಿರುಗಿಸುವ ಗಾಲಿ, ಮುಂದೆ ಹಿಂದೆ ಬೇರೆ ಗಾಲಿ ಇಲ್ಲ. ಇಂಥವನ್ನು ಮಾಡುವ ಕಂಪನಿಗಳು ಹೊರದೇಶದಲ್ಲಿ ಕೆಲವಿವೆ. ಹೊರಗಿನ ತಗಡು, ಬಣ್ಣ ಬೇರೆಯಾದರೂ ಒಳಗಿನ ಕಟ್ಟೋಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಹೆಸರು ಹಿಡಿದು ಹೊಗಳುವ ಬದಲು ಈ ಜಾತಿಯ ಗುಣದೋಷ ಹೇಳುವುದೇ ಉಪಯೋಗ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ವಸಾಹತು ಕಾಲದ ಉಗಿ ಎಂಜಿನ್ ದಿನವಿಡೀ ಹೇಗೆ ದುಡಿಯುತ್ತಿತ್ತು ಎಂದು ಕೈಯಾರೆ ಕಲಿಯಲು ಮನೆಯಲ್ಲೋ ಶಾಲೆಯಲ್ಲೋ ಇಟ್ಟುಕೊಳ್ಳಬಹುದಾದ ವಸ್ತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನೀರಿನ ಮಟ್ಟ ತೋರುವ ಗಾಜು ಮತ್ತು ಓಡುವಾಗಲೇ ನೀರು ತುಂಬುವ ಕವಾಟ ಇಲ್ಲದ ಅಗ್ಗದ ಮಾದರಿ ಬೇಡ. ಅದರಲ್ಲಿ ಎಂಜಿನ್ ಇದೆ, ಎಂಜಿನ್‌ನ ಕೆಲಸ ಇಲ್ಲ.

ನಮ್ಮ ಕರಾವಳಿಗೆ ಇದು ಹೆಚ್ಚು ಬೇಕು ಎನ್ನಲು ಕಾರಣ ಇತಿಹಾಸದಲ್ಲೇ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕಾರವಾರವನ್ನು ಧಾರವಾಡ ಸೀಮೆಯ ಹತ್ತಿ ಸಾಗಿಸುವ ಬಂದರು ಮಾಡುವ ಆಸೆ ಸರಕಾರಕ್ಕಿತ್ತು. ಕಾರವಾರ–ಹುಬ್ಬಳ್ಳಿ ರೈಲಿನ ಮಾತು ಆ ಕಾಲದ್ದೇ. ಕೊನೆಗೆ ಹಳಿ ಹೋದದ್ದು ಗೋವೆಯ ಮುರ್ಮಗೋವೆಗೆ, ನಮ್ಮ ಜಿಲ್ಲೆಯ ಮೂಲೆಯ ಕ್ಯಾಸಲ್‌ರಾಕ್ ಮೇಲಿಂದ, 1880ರ ದಶಕದಲ್ಲಿ. ಕಾರವಾರ, ಕುಮಟೆ, ಹೊನ್ನಾವರದ ಜನ ಊರಿನಲ್ಲಿ ರೈಲು ಕಂಡದ್ದು 1990ರ ದಶಕದ ಕೊಂಕಣ ರೈಲಿನಿಂದ, ಅದೂ ಡೀಸೆಲ್ ಎಂಜಿನ್. ಶಿರಸಿಗೆ ಇಂದಿಗೂ ರೈಲಿಲ್ಲ. ಹೀಗಾಗಿ ಉಗಿ ಎಂಜಿನ್ ಎಂದರೆ ಇಲ್ಲಿನ ಮಕ್ಕಳ ಕಣ್ಣಿಗೆ ಬರುವುದು ಚಿತ್ರದ ಹೊಗೆ ಮತ್ತು ಸೀಟಿ. ಆ ಯಂತ್ರದ ಬದುಕೆಲ್ಲ ನೀರಿನ ಸುತ್ತ ಇತ್ತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಪೆಟ್ಟಿಗೆಯಲ್ಲಿ ಬರುವುದು ಇಷ್ಟು: ಎರಡರಿಂದ ಮೂರು ಕಿಲೋ ತೂಕದ ಎಂಜಿನ್, ಗ್ಯಾಸ್ ತುಂಬುವ ಮೂತಿ, ಒಂದು ಸಿರಿಂಜ್, ಚಿಕ್ಕ ಸೀಸೆಯಲ್ಲಿ ಸಿಲಿಂಡರ್ ಎಣ್ಣೆ, ಒಂದೆರಡು ಸ್ಪ್ಯಾನರ್, ಸೋರದಂತೆ ತಡೆಯುವ ಕೆಲವು ರಬ್ಬರ್ ಬಳೆ (ಓ-ರಿಂಗ್). ಬಾಯ್ಲರ್ ತಾಮ್ರದ್ದು, ಸಂದುಗಳೆಲ್ಲ ಬೆಳ್ಳಿ ಬೆಸುಗೆ. ಅದರ ನಡುವೆ ಒಂದೇ ಒಂದು ದಪ್ಪ ಕೊಳವೆ, ಅದರೊಳಗೆ ಗ್ಯಾಸ್ ಬರ್ನರ್. ಹಿಡಿಯುವ ನೀರು 150 ಮಿ.ಲೀ. ಆಸುಪಾಸು. ಕೆಲಸದ ಒತ್ತಡ ಚದರ ಇಂಚಿಗೆ 40 ಪೌಂಡ್, 60 ಪೌಂಡಿಗೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ. 40 ಪೌಂಡಿನಲ್ಲಿ ಉಗಿಯ ಬಿಸಿ 141 ಡಿಗ್ರಿ. ಆಟಿಕೆಯೆಂದು ಮಕ್ಕಳ ಕೈಗೆ ಕೊಟ್ಟು ಒಳಗೆ ಹೋಗುವ ವಸ್ತು ಇದಲ್ಲ.

ಉರಿ ಹಚ್ಚುವ ಮೊದಲು ಮಾಡುವ ಕೆಲಸಕ್ಕೆ ಕ್ರಮ ಇದೆ. ಮೊದಲು ಗಾಲಿಯ ಅಚ್ಚು, ಕನೆಕ್ಟಿಂಗ್ ರಾಡಿನ ಎರಡು ತುದಿ, ವಾಲ್ವಿನ ಸಂದು, ಇಲ್ಲೆಲ್ಲ ಒಂದೊಂದು ಹನಿ ಎಣ್ಣೆ. ಆಮೇಲೆ ಸಿಲಿಂಡರಿಗೆ ಎಣ್ಣೆ ಉಣಿಸುವ ಬಟ್ಟಲಾದ ಲೂಬ್ರಿಕೇಟರ್‌ನ ತಳದ ತಿರುಪು ಬಿಚ್ಚಿ ಹಿಂದಿನ ಓಟದ ನೀರು ಇಳಿಸಿ, ಮುಚ್ಚಿ, ಹೊಸ ಎಣ್ಣೆ ಅಂಚಿನವರೆಗೆ. ಮೂರನೆಯದು ನೀರು: ಬಾಯ್ಲರ್ ಪೂರ್ತಿ ತುಂಬಿ, ಸಿರಿಂಜಿನಲ್ಲಿ 30 ಮಿ.ಲೀ. ವಾಪಸ್ ಎಳೆಯಬೇಕು. ಈ ಖಾಲಿ ಜಾಗ ಬಿಡದಿದ್ದರೆ ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗಿ ಚಿಮಣಿಯಿಂದ ಬಿಸಿ ನೀರು ಕಾರುತ್ತದೆ. ಗ್ಯಾಸ್ ಕೊನೆಗೆ. ಡಬ್ಬಿ ತಲೆಕೆಳಗೆ ಹಿಡಿದು ಒತ್ತಬೇಕು, ಮೂತಿಯಲ್ಲಿ ಬಿಳಿಯಾಗಿ ದ್ರವ ಚಿಮ್ಮಿದರೆ ತುಂಬಿತೆಂದು ಅರ್ಥ. ಹತ್ತಿರದಲ್ಲಿ ದೀಪ, ಬೀಡಿ, ಒಲೆ ಏನೂ ಇರಬಾರದು. ಚೆಲ್ಲಿದ ಗ್ಯಾಸ್ ಗಾಳಿಗಿಂತ ಭಾರ, ಅಂಗಳದ ತಗ್ಗಿನಲ್ಲಿ ನಿಲ್ಲುತ್ತದೆ. ಒಂದೆರಡು ನಿಮಿಷ ಬಿಟ್ಟೇ ಹಚ್ಚಬೇಕು.

ಲೈಟರ್ ಚಿಮಣಿಯ ಬಾಯಿಗೆ ಹಿಡಿದು ಗ್ಯಾಸ್ ಕವಾಟ ಮೆಲ್ಲನೆ ತಿರುಗಿಸಿದರೆ ಉರಿ ‘ಪಪ್’ ಎಂದು ಒಳಗೆ ಹಿಂದಕ್ಕೆ ಹೋಗಿ ಬರ್ನರ್ ಮೇಲೆ ಕೂರುತ್ತದೆ. ಮುಂಭಾಗದ ಹೊಗೆಪೆಟ್ಟಿಗೆಯಲ್ಲೇ ಉರಿದು ಬಣ್ಣ ಸುಡತೊಡಗಿದರೆ ಗ್ಯಾಸ್ ಹೆಚ್ಚಾಗಿದೆ. ಕಡಿಮೆ ಮಾಡಿದರೆ ತಾನೇ ಒಳಗೆ ಹೋಗುತ್ತದೆ. ಆರೇಳು ನಿಮಿಷದಲ್ಲಿ ಉಗಿ ಸಿದ್ಧ.

ನಿಜವಾದ ಎಂಜಿನ್ ತಣ್ಣಗಿದ್ದರೆ ಉಗಿ ಏಳಲು ಹಲವು ಗಂಟೆ ಬೇಕಿತ್ತು. ಬೇಗ ಕಾಯಿಸಿದರೆ ಇದ್ದಲು ಉರಿಯುವ ಒಳಪೆಟ್ಟಿಗೆಯಾದ ಫೈರ್‌ಬಾಕ್ಸಿನ ತಾಮ್ರ ಒಂದು ಅಳತೆಯಲ್ಲಿ, ಹೊರಗಿನ ಕಬ್ಬಿಣ ಇನ್ನೊಂದು ಅಳತೆಯಲ್ಲಿ ಹಿಗ್ಗಿ, ಕೊಳವೆಗಳ ತುದಿ ಸಡಿಲಾಗಿ ಸೋರುತ್ತಿತ್ತು. ಅದಕ್ಕೇ ಬೆಳಗಿನ ಗಾಡಿಗೆ ರಾತ್ರಿಯೇ ಉರಿ ಹಚ್ಚುತ್ತಿದ್ದರು. ಮಾದರಿಯಲ್ಲಿ ಈ ಕಾಯುವಿಕೆ ಇಲ್ಲ. ಕಲಿಸುವವರು ಬಾಯಿಂದಲೇ ಹೇಳಬೇಕು.

ಮೊದಲ ಉಗಿ ತಣ್ಣನೆಯ ಸಿಲಿಂಡರಿನಲ್ಲಿ ನೀರಾಗುತ್ತದೆ. ನೀರನ್ನು ಒತ್ತಿ ಕುಗ್ಗಿಸಲಾಗದು, ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಸಿಲಿಂಡರಿಗೆ ಉಗಿ ಬಿಡುವ ಕವಾಟವಾದ ರೆಗ್ಯುಲೇಟರನ್ನು ಸ್ವಲ್ಪವೇ ತೆರೆದು, ಎಂಜಿನ್ ಅನ್ನು ಕೈಯಲ್ಲಿ ಹಿಂದೆ ಮುಂದೆ ಒಂದೆರಡು ಗೇಣು ಉರುಳಿಸಿದರೆ ನೀರು ಚಿಮಣಿಯಿಂದ ಹೊರಬೀಳುತ್ತದೆ. ಆಗ ಚಿಮಣಿಯ ಮೇಲೆ ಮುಖ ಬಗ್ಗಿಸಬಾರದು. ದೊಡ್ಡ ಎಂಜಿನ್‌ನಲ್ಲಿ ಇದಕ್ಕೆಂದೇ ಸಿಲಿಂಡರಿನ ಅಡಿಯಲ್ಲಿ ಕಾಕ್ ಇರುತ್ತಿತ್ತು. ಹೊರಡುವಾಗ ಎಂಜಿನ್ ಎರಡೂ ಬದಿಗೆ ಬಿಳಿ ಉಗಿ ಊದುವುದು ಇದರಿಂದಲೇ. ಡ್ರೈವರ್ ಮರೆತರೆ ಸಿಲಿಂಡರಿನ ಮುಚ್ಚಳವೇ ಒಡೆಯುತ್ತಿತ್ತು.

ಇನ್ನು ನೀರಿನ ಗುಣ. ಈ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ. ಬಯಲುಸೀಮೆಯ ಗಡಸು ನೀರು ಬಾಯ್ಲರ್ ಗೋಡೆಗೆ ಸುಣ್ಣದ ಪದರ ಕಟ್ಟುತ್ತದೆ. ಪದರ ಶಾಖ ದಾಟಿಸುವುದಿಲ್ಲ, ಲೋಹ ಕೆಂಪಾಗುತ್ತದೆ, ಉಬ್ಬುತ್ತದೆ. ಆಗಿನ ಲೋಕೋ ಶೆಡ್‌ಗಳಲ್ಲಿ ನೀರಿನ ಗುಣ ನೋಡಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಎಂಜಿನ್ ನಿಲ್ಲಿಸಿ, ತಣಿಸಿ, ಬಾಯ್ಲರಿನ ತಳದ ಪ್ಲಗ್‌ಗಳನ್ನು ಬಿಚ್ಚಿ, ಸಲಾಕೆಯಿಂದ ಕೆರೆದು, ನೀರಿನ ಧಾರೆ ಬಿಟ್ಟು ಕೆಸರು ತೊಳೆಯುತ್ತಿದ್ದರು. ಎಂಜಿನ್ ಹೀಗೆ ನಿಂತು ಸೇವೆ ಮಾಡಿಸಿಕೊಂಡ ಹೊತ್ತೂ ಕಡಿಮೆಯೇನಲ್ಲ. ಶಿರಸಿ–ಸಿದ್ದಾಪುರದ ಬಾವಿ ನೀರು ಮೆದು. ಬಚ್ಚಲ ಹಂಡೆಗೆ ಸುಣ್ಣ ಕಟ್ಟುವುದು ಅಪರೂಪ. ಆದರೆ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ ಇದೆ, ಬಿಳಿ ಬಟ್ಟೆಗೆ ಕೆಂಪು ಕಲೆ ಹಿಡಿಸುವ ನೀರು ಬೇಡ. ಕಾರವಾರದ ಕಡಲಂಚಿನ ಬಾವಿಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ಉಪ್ಪು ಏರುತ್ತದೆ. ಉಪ್ಪುನೀರು ಬಾಯ್ಲರಿನಲ್ಲಿ ನೊರೆ ಕಟ್ಟಿ, ನೊರೆ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಮುಂಗಾರಿನ ಮೊದಲ ನಾಲ್ಕೈದು ಮಳೆ ಹೆಂಚಿನ ಧೂಳು ತೊಳೆಯಲಿ. ಆಮೇಲಿನ ನೀರನ್ನು ಹತ್ತಿ ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ತುಂಬಿಟ್ಟರೆ ವರ್ಷಕ್ಕೆ ಸಾಕು.

ಎಣ್ಣೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಸಿಲಿಂಡರಿಗೆ ಬೇಕಾದದ್ದು ಸ್ಟೀಮ್ ಸಿಲಿಂಡರ್ ಆಯಿಲ್, ದಪ್ಪ 460ರ ಗ್ರೇಡ್. ಹೊಲಿಗೆ ಯಂತ್ರದ ಎಣ್ಣೆ 140 ಡಿಗ್ರಿಯ ಒದ್ದೆ ಉಗಿಯಲ್ಲಿ ನಿಲ್ಲುವುದೇ ಇಲ್ಲ, ತೊಳೆದುಹೋಗುತ್ತದೆ. ದಪ್ಪ ಇದೆಯಲ್ಲ ಎಂದು ಗ್ಯಾರೇಜಿನ ಗೇರ್ ಆಯಿಲ್ ಹಾಕುವುದು ಇನ್ನೂ ಕೆಟ್ಟದ್ದು. ಅದರಲ್ಲಿ ಸೇರಿಸಿರುವ ಗಂಧಕದ ಸಂಯುಕ್ತ ಬಿಸಿಯಲ್ಲಿ ಹಿತ್ತಾಳೆ, ಕಂಚನ್ನು ತಿನ್ನುತ್ತದೆ. ಲೂಬ್ರಿಕೇಟರ್ ಕೆಲಸ ಮಾಡುವ ರೀತಿ ಬಹಳ ಸೊಗಸು. ಮೂರ್ನಾಲ್ಕು ಮಿ.ಲೀ. ಹಿಡಿಯುವ ಮುಚ್ಚಿದ ಬಟ್ಟಲು ಅದು, ಉಗಿ ಕೊಳವೆಗೆ ಕೂದಲೆಳೆಯಷ್ಟು ಸಣ್ಣ ತೂತಿನಿಂದ ಸೇರಿದೆ. ಉಗಿ ಒಳನುಗ್ಗಿ ತಣಿದು ನೀರಾಗುತ್ತದೆ, ನೀರು ಭಾರವಾಗಿ ತಳಕ್ಕಿಳಿಯುತ್ತದೆ, ಅಷ್ಟೇ ಎಣ್ಣೆ ಮೇಲೆದ್ದು ತೂತಿನಿಂದ ಹೊರಗೆ ಸಿಲಿಂಡರಿಗೆ. ಯಾವ ಪಂಪೂ ಬೇಡ, ಯಾವ ಕೈಯೂ ಬೇಡ. ಓಟ ಮುಗಿದ ಮೇಲೆ ಬಟ್ಟಲಿನಿಂದ ಒಂದೆರಡು ಮಿ.ಲೀ. ನೀರು ಇಳಿದರೆ ಎಣ್ಣೆ ಸರಿಯಾಗಿ ಹೋಗಿದೆ. ನೀರೇ ಬರದಿದ್ದರೆ ತೂತು ಕಟ್ಟಿದೆ. ಹಾಗೇ ಓಡಿಸಿದರೆ ಪಿಸ್ಟನ್ ಗೀಚಿಕೊಳ್ಳುತ್ತದೆ.

ಈ ಯುಕ್ತಿಯನ್ನು ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1860ರಲ್ಲಿ ತಂದ. ಅದಕ್ಕೂ ಮೊದಲು, ಎಂದರೆ ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಗಾಡಿ ಓಡಿದ ಕಾಲದಲ್ಲಿ, ಸಿಲಿಂಡರಿಗೆ ಹಾಕುತ್ತಿದ್ದುದು ಕರಗಿಸಿದ ಪ್ರಾಣಿಕೊಬ್ಬು. ಇಳಿಜಾರಿನಲ್ಲಿ ರೆಗ್ಯುಲೇಟರ್ ಮುಚ್ಚಿದಾಗ ಮಾತ್ರ ಅದು ಒಳಗೆ ಇಳಿಯುತ್ತಿತ್ತು. ಅದಕ್ಕಾಗಿ ಉರಿ, ನೀರು ನೋಡಿಕೊಳ್ಳುವ ಫೈರ್‌ಮನ್ ಓಡುತ್ತಿರುವ ಎಂಜಿನ್‌ನ ಪಕ್ಕದ ಹಲಗೆ ಹಿಡಿದು ಮುಂದಕ್ಕೆ ಹೋಗಬೇಕಾಗುತ್ತಿತ್ತು. ಬಿಸಿಯಲ್ಲಿ ಕೊಬ್ಬು ಒಡೆದು ಆಮ್ಲವಾಗಿ ಕಬ್ಬಿಣವನ್ನೇ ತಿನ್ನುತ್ತಿತ್ತು. ಮಾದರಿ ಎಂಜಿನ್‌ನ ಆ ಪುಟ್ಟ ಬಟ್ಟಲನ್ನು ಮಕ್ಕಳ ಎದುರು ಬಿಚ್ಚಿ ತೋರಿಸುವುದು ಹತ್ತು ಪುಟದ ಪಾಠಕ್ಕೆ ಸಮ.

ಈಗ ಅಗ್ಗದ ಮಾದರಿ ಬೇಡ ಎಂದದ್ದರ ಕಾರಣ. ಅದರಲ್ಲಿ ನೀರು ಒಮ್ಮೆ ತುಂಬಿದರೆ ಮುಗಿಯಿತು. ಗ್ಯಾಸ್ ಟ್ಯಾಂಕನ್ನು ಬೇಕೆಂದೇ ಚಿಕ್ಕದಾಗಿ ಮಾಡಿರುತ್ತಾರೆ, ನೀರು ಬತ್ತುವ ಮುಂಚೆ ಉರಿ ಆರಲಿ ಎಂದು. ಸುರಕ್ಷತೆಗೆ ಒಳ್ಳೆಯದೇ. ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ನೋಡುವವರಿಗೆ ಮಾಡಲು ಏನೂ ಇಲ್ಲ. ನಿಜವಾದ ಫೈರ್‌ಮನ್‌ನ ಕಣ್ಣು ಮಾತ್ರ ಸದಾ ನೀರಿನ ಮಟ್ಟ ತೋರುವ ಗೇಜ್ ಗಾಜಿನ ಮೇಲೆ. ನೀರು ಫೈರ್‌ಬಾಕ್ಸಿನ ನೆತ್ತಿಗಿಂತ ಕೆಳಗಿಳಿದರೆ ಆ ತಾಮ್ರದ ತಗಡು ಮೆತ್ತಗಾಗಿ ಕುಸಿದು ಬಾಯ್ಲರ್ ಸಿಡಿಯುತ್ತದೆ. ನೆತ್ತಿಯಲ್ಲಿ ಕೂರಿಸಿದ ಸೀಸದ ಪ್ಲಗ್ ಮೊದಲು ಕರಗಿ ಎಚ್ಚರಿಸುವುದು ಕೊನೆಯ ಆಸರೆ. ಆ ಮೊದಲ ಠಾಣೆ ಗಾಡಿಗೆಂದು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ (ಜಿಐಪಿ) 2-4-0 ಎಂಜಿನ್‌ಗಳ ಕಾಲಕ್ಕೆ, ಉಗಿಯ ಬಲದಿಂದಲೇ ಬಾಯ್ಲರಿಗೆ ನೀರು ನೂಕುವ ಇಂಜೆಕ್ಟರ್ ಇರಲಿಲ್ಲ. ಫ್ರಾನ್ಸಿನ ಜಿಫಾರ್ಡ್ ಅದರ ಪೇಟೆಂಟ್ ಪಡೆದದ್ದು 1858ರಲ್ಲಿ. ಆಗ ನೀರು ತುಂಬುತ್ತಿದ್ದುದು ಎಂಜಿನ್‌ನ ಚಲನೆಯಿಂದಲೇ ನಡೆಯುವ ಪಂಪು. ಗಾಲಿ ತಿರುಗಿದರೆ ನೀರು, ನಿಂತರೆ ಇಲ್ಲ. ಸ್ಟೇಷನ್ನಿನಲ್ಲಿ ಹೆಚ್ಚು ಹೊತ್ತು ನಿಂತು ಮಟ್ಟ ಇಳಿದರೆ, ಡಬ್ಬಿಗಳಿಂದ ಕಳಚಿ, ಖಾಲಿ ಎಂಜಿನ್ ಅನ್ನು ಆ ಕಡೆ ಈ ಕಡೆ ಓಡಿಸಿ ಬಾಯ್ಲರ್ ತುಂಬಿಕೊಂಡು ಬರಬೇಕಿತ್ತು.

ಗೇಜ್ ಗಾಜು ಮತ್ತು ಓಡುವಾಗಲೇ ನೀರು ತುಂಬುವ ಫೀಡ್ ಕವಾಟ ಇರುವ ಮಾದರಿಯಲ್ಲಿ ಈ ಪಾಡು ಕೈಗೆ ಸಿಗುತ್ತದೆ. ಕೈಪಂಪಿನಿಂದ ಮೆಲ್ಲಗೆ ಹತ್ತು ಮಿ.ಲೀ. ಒಳಗೆ ಕಳಿಸಿದರೆ ಒತ್ತಡದ ಮುಳ್ಳು ಕೂಡಲೇ ಇಳಿಯುತ್ತದೆ, ತಣ್ಣೀರು ಬಿತ್ತಲ್ಲ. ಏರು ಬರುವ ಮುಂಚೆ ತುಂಬಿಕೊಳ್ಳಬೇಕೋ, ಏರಿದ ಮೇಲೋ? ಎರಡು ಸುತ್ತು ಮುಂದಿನದನ್ನು ಯೋಚಿಸದೆ ಉತ್ತರ ಹೊಳೆಯದು. ಒಂದು ಎಚ್ಚರ: ಚಿಕ್ಕ ಗಾಜಿನೊಳಗೆ ಗುಳ್ಳೆ ಸಿಕ್ಕಿಬಿದ್ದು ಸುಳ್ಳು ಮಟ್ಟ ತೋರಿಸುತ್ತದೆ. ಗಾಜಿನ ಕೆಳಗಿನ ಕಾಕ್ ಒಮ್ಮೆ ತೆರೆದು ಊದಿಸಿ, ನೀರು ಮತ್ತೆ ಏರುವುದನ್ನು ನೋಡಿಯೇ ನಂಬಬೇಕು.

ಏರಿನ ವಿಷಯಕ್ಕೆ ಕ್ಯಾಸಲ್‌ರಾಕ್ ಘಟ್ಟವೇ ನಮಗೆ ಪಾಠ. ಅಲ್ಲಿಂದ ಗೋವೆಯ ಕುಳೆಗೆ ಇಳಿಯುವ ದಾರಿಯ ಏರು 37ಕ್ಕೆ 1. ಐದು ಮೀಟರ್ ಉದ್ದದ ಬಾಯ್ಲರ್ ಅಂಥ ಏರಿನಲ್ಲಿ ನಿಂತರೆ ಒಂದು ತುದಿಗೂ ಇನ್ನೊಂದಕ್ಕೂ ನೀರಿನ ಮಟ್ಟದಲ್ಲಿ 13.5 ಸೆಂ.ಮೀ. ವ್ಯತ್ಯಾಸ. ಚಿಮಣಿ ಮೇಲ್ಮುಖವಾಗಿದ್ದರೆ ನೀರು ಹಿಂದಕ್ಕೆ ಬಂದು ಫೈರ್‌ಬಾಕ್ಸಿನ ನೆತ್ತಿ ಮುಳುಗಿರುತ್ತದೆ. ತಿರುಗಿ ನಿಂತರೆ ಅದೇ ನೆತ್ತಿ ಬರಿದಾಗುತ್ತದೆ. ಏರು ಮುಗಿಸಿ ಇಳಿಜಾರಿಗೆ ಬಾಗುವ ಗಳಿಗೆಯಲ್ಲಿ ಗಾಜಿನ ನೀರು ಒಮ್ಮೆಗೇ ಕೆಳಗೋಡುವುದು ಇದರಿಂದ. ಮಾದರಿಯ 15 ಸೆಂ.ಮೀ. ಬಾಯ್ಲರಿನಲ್ಲಿ ಈ ವ್ಯತ್ಯಾಸ 4 ಮಿ.ಮೀ. ಮಾತ್ರ, ಆದರೂ ಗಾಜಿನಲ್ಲಿ ಸ್ಪಷ್ಟ ಕಾಣುತ್ತದೆ. ಒಂದು ಮೀಟರ್ ಹಲಗೆಯ ಒಂದು ತುದಿಗೆ 27 ಮಿ.ಮೀ. ಕಟ್ಟಿಗೆ ತುಂಡು ಕೊಟ್ಟರೆ ಕ್ಯಾಸಲ್‌ರಾಕ್ ಏರು ಸಿದ್ಧ. ಸಮತಟ್ಟಿನಲ್ಲಿ ಏಳೆಂಟು ಡಬ್ಬಿ ಎಳೆಯುವ ಎಂಜಿನ್ ಇಲ್ಲಿ ಎರಡು ಡಬ್ಬಿಗೇ ಗಾಲಿ ಜಾರಿಸುತ್ತದೆ. ಹಿಂದಿನಿಂದ ಇನ್ನೊಂದು ಎಂಜಿನ್ ಯಾಕೆ ದೂಡುತ್ತದೆ, ಹಳಿಗೆ ಮರಳು ಯಾಕೆ ಬಿಡುತ್ತಾರೆ ಎಂದು ಆಗ ವಿವರಿಸಬೇಕಾಗಿಲ್ಲ. ಮಾದರಿಗೆ ಮಾತ್ರ ಮರಳು ಹಾಕಬೇಡಿ, ಅಚ್ಚಿನ ಸಂದಿಗೆ ಹೋಗುತ್ತದೆ.

ಗ್ಯಾಸ್ ಮಾದರಿಯ ದೊಡ್ಡ ಕೊರತೆ ಇಲ್ಲೇ ಕಾಣುವುದು. ನಿಜವಾದ ಎಂಜಿನ್‌ನಲ್ಲಿ ಸಿಲಿಂಡರಿನಿಂದ ಹೊರಬಿದ್ದ ಉಗಿ ಚಿಮಣಿಯಲ್ಲಿ ಮೇಲಕ್ಕೆ ಚಿಮ್ಮಿ ತನ್ನ ಜೊತೆ ಗಾಳಿಯನ್ನು ಎಳೆಯುತ್ತದೆ. ಕೆಲಸ ಹೆಚ್ಚಿದಷ್ಟೂ ಉರಿ ತಾನೇ ಹೆಚ್ಚುತ್ತದೆ. ಆ ಸಂಬಂಧವೇ ಉಗಿ ಎಂಜಿನ್‌ನ ಜೀವ. ಗ್ಯಾಸ್ ಉರಿಗೆ ಅದು ಬೇಕಿಲ್ಲ, ಬೆರಳಲ್ಲಿ ಕವಾಟ ತಿರುಗಿಸಿದರಾಯಿತು. ಕಲ್ಲಿದ್ದಲ ಬೂದಿ ತೆಗೆಯುವುದು, ಹೊಗೆಪೆಟ್ಟಿಗೆಯ ಕರಿ ಎತ್ತುವುದು, ಕೊಳವೆ ಉಜ್ಜುವುದು ಯಾವುದೂ ಇಲ್ಲ. ಇನ್ನೊಂದು: ಕಡಿಮೆ ಬೆಲೆಯವುಗಳಲ್ಲಿ ಉಗಿ ಪಿಸ್ಟನ್ನಿನ ಪೂರ್ತಿ ಓಟಕ್ಕೂ ಹರಿಯುತ್ತದೆ. ಅರ್ಧದಲ್ಲೇ ಉಗಿ ಕಡಿದು ಉಳಿದದ್ದನ್ನು ಹಿಗ್ಗಲು ಬಿಟ್ಟು ನೀರು-ಇದ್ದಲು ಉಳಿಸುವ ಸ್ಟೀಫನ್ಸನ್ ಲಿಂಕ್ ಎಂಬ ಕವಾಟದ ಜೋಡಣೆ 1842ರಿಂದಲೇ ದೊಡ್ಡ ಎಂಜಿನ್‌ಗಳಲ್ಲಿ ಬಂದಿತ್ತು. ಅದಿರುವ ಮಾದರಿಗೆ ಹೆಚ್ಚು ಹಣ ಕೊಡಬೇಕು. ಕೊಡಲು ಸಾಧ್ಯವಿದ್ದರೆ ಕೊಡಿ.

ನಮ್ಮ ಹವೆಗೆ ಸಂಬಂಧಿಸಿದ ತೊಂದರೆಗಳು ಕೈಪಿಡಿಯಲ್ಲಿ ಇರುವುದಿಲ್ಲ. ಚಳಿ ದೇಶದವರು ಬ್ಯುಟೇನ್-ಪ್ರೊಪೇನ್ ಮಿಶ್ರಣ ಹಾಕಿ ಎನ್ನುತ್ತಾರೆ. ಕಾರವಾರದ 34 ಡಿಗ್ರಿ ಮಧ್ಯಾಹ್ನಕ್ಕೆ ಅದು ಬೇಡ, ಒತ್ತಡ ಏರಿ ಬರ್ನರ್ ಊಳಿಡುತ್ತದೆ. ಬರೀ ಬ್ಯುಟೇನ್ ಸಾಕು. ಅಡುಗೆ ಸಿಲಿಂಡರಿನಿಂದ ತುಂಬುವ ಯೋಚನೆ ಖಂಡಿತ ಬೇಡ. ಮೊದಲ ಓಟ ಮುಗಿದ ಕೂಡಲೇ ಮತ್ತೆ ಗ್ಯಾಸ್ ತುಂಬಲು ಹೋದರೆ ಹಿಡಿಯುವುದಿಲ್ಲ. ಬಿಸಿಯಾದ ಟ್ಯಾಂಕಿನ ಒತ್ತಡ ಡಬ್ಬಿಯದ್ದಕ್ಕಿಂತ ಹೆಚ್ಚಿರುತ್ತದೆ. ಒದ್ದೆ ಬಟ್ಟೆ ಸುತ್ತಿ ತಣಿಸಬೇಕು. ಉರಿ ದಿನೇ ದಿನೇ ಸಣ್ಣಗಾಗುತ್ತಿದ್ದರೆ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಜೆಟ್ಟಿನ ತೂತು ಕಟ್ಟಿದೆ. ಅದು ಸುಮಾರು 0.2 ಮಿ.ಮೀ. ಸೂಜಿ ಹಾಕಿದರೆ ದೊಡ್ಡದಾಗಿ ಕೆಡುತ್ತದೆ. ಜೆಟ್ ಬಿಚ್ಚಿ ಹಿಮ್ಮುಖವಾಗಿ ಗ್ಯಾಸ್ ಊದಿಸಿದರೆ ಸಾಮಾನ್ಯವಾಗಿ ತೆರೆಯುತ್ತದೆ. ನೀರು ತುಂಬುವ ಮುಚ್ಚಳದ ಓ-ರಿಂಗ್ ಸೋರಿದರೆ ಪಂಪ್ ರಿಪೇರಿ ಅಂಗಡಿಯಲ್ಲಿ ಅಳತೆ ಹೊಂದುವುದು ಸಿಗುತ್ತದೆ, ಆದರೆ ವಿಟಾನ್ ಎಂಬ ರಬ್ಬರಿನದ್ದೇ ಕೇಳಿ ತನ್ನಿ. ನೈಟ್ರೈಲ್ ರಬ್ಬರು ಬೇಗ ಗಟ್ಟಿಯಾಗಿ ಬಿರಿಯುತ್ತದೆ, ಇಪಿಡಿಎಮ್ ರಬ್ಬರು ಎಣ್ಣೆಗೆ ಉಬ್ಬುತ್ತದೆ.

ಉಪ್ಪುಗಾಳಿಗೆ ಉಕ್ಕಿನ ಅಚ್ಚು, ಪಿನ್ನು, ಗಾಲಿಯ ಅಂಚು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಓಟ ಮುಗಿದ ಮೇಲೆ ಬೆಚ್ಚಗಿರುವಾಗಲೇ ಒರೆಸಿ, ತೆಳು ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಕಂಪನಿಯ ಸ್ಪಂಜಿನ ಪೆಟ್ಟಿಗೆ ತೇವ ಹಿಡಿದುಕೊಳ್ಳುತ್ತದೆ. ಹಳಿ ಹಿತ್ತಾಳೆಯದ್ದಾಗಲಿ, ಉಕ್ಕಿನದ್ದು ಬೇಡ. ಘಟ್ಟದ ಮೇಲೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದಕ್ಕೆ ಹೇಳಿ ಮಾಡಿಸಿದ ಜಾಗ; 1.2 ಮೀಟರ್ ತ್ರಿಜ್ಯದ ಸುತ್ತಿಗೆ ಏಳೂವರೆ ಮೀಟರ್ ಹಳಿ ಸಾಕು. ಸ್ಪಿರಿಟ್ ಮಟ್ಟ ಇಟ್ಟು ನೋಡಿ, ಮಳೆನೀರು ಹರಿಯಲು ಕೊಟ್ಟ ಇಳಿಜಾರೇ ಎಂಜಿನ್‌ಗೆ ಏರಾಗಿರುತ್ತದೆ. ಕೆಳಗೆ ಕರಾವಳಿಯಲ್ಲಾದರೆ ಸೊಂಟದೆತ್ತರಕ್ಕೆ ಚಿರೇಕಲ್ಲಿನ ಕಂಬ ಕಟ್ಟಿ ಮೇಲೆ ಹಲಗೆ ಹಾಕುವುದು ಲೇಸು, ಬಗ್ಗುವುದು ತಪ್ಪುತ್ತದೆ, ನೆಲದ ಮರಳೂ ಏರುವುದಿಲ್ಲ.

ವರ್ಷಕ್ಕೊಮ್ಮೆ ಬಾಯ್ಲರನ್ನು ತಣ್ಣೀರಿನಿಂದ ಪೂರ್ತಿ ತುಂಬಿ, ಗಾಳಿ ಉಳಿಯದಂತೆ ನೋಡಿ, ಸೇಫ್ಟಿ ವಾಲ್ವಿನ ಜಾಗಕ್ಕೆ ಪ್ಲಗ್ ಹಾಕಿ ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು, ಎಂದರೆ 60 ಪೌಂಡಿಗೆ ಏರಿಸಿ ಹತ್ತು ನಿಮಿಷ ಬಿಡಬೇಕು. ಮುಳ್ಳು ಇಳಿಯಬಾರದು, ಎಲ್ಲೂ ಬೆವರಬಾರದು. ಕುಗ್ಗದ ನೀರಿನಲ್ಲಿ ಪರೀಕ್ಷಿಸುವುದರಿಂದ ಒಡೆದರೂ ಸಿಡಿಯುವುದಿಲ್ಲ. ಗಾಳಿ ಪಂಪಿನಿಂದ ಈ ಪರೀಕ್ಷೆ ಎಂದಿಗೂ ಮಾಡಬೇಡಿ. 25 ಲೀಟರಿಗಿಂತ ಚಿಕ್ಕ ಬಾಯ್ಲರಿಗೆ ಬಾಯ್ಲರ್ ಕಾಯ್ದೆಯ ತಪಾಸಣೆ ಇಲ್ಲ. ಅದಕ್ಕೇ ಈ ಹೊಣೆ ಪೂರ್ತಿ ಇಟ್ಟುಕೊಂಡವರದ್ದು.

ಹೀಗೆ ನೋಡಿಕೊಂಡರೆ ಬಾಳಿಕೆಯ ಚಿಂತೆ ಬೇಡ. 1855ರಲ್ಲಿ ಲೀಡ್ಸ್‌ನಲ್ಲಿ ತಯಾರಾದ ಈಸ್ಟ್ ಇಂಡಿಯನ್ ರೈಲ್ವೆಯ ‘ಫೇರಿ ಕ್ವೀನ್’ 1909ರವರೆಗೆ ದುಡಿಯಿತು, 1997ರಲ್ಲಿ ಮತ್ತೆ ಹಳಿಗಿಳಿಯಿತು. ಉಗಿ ಎಂಜಿನ್ ಹೀಗೆ ಬಾಳುವುದು ಸವೆಯುವ ಭಾಗಗಳನ್ನು ಬಿಚ್ಚಿ ಬದಲಿಸಲು ಬರುವುದರಿಂದ. ಆದ್ದರಿಂದ ಆರಿಸುವಾಗ ಬಿಡಿಭಾಗ ಇಂದಿಗೂ ಮಾರುವ ಕಂಪನಿಯದ್ದನ್ನೇ ಆರಿಸಿ. ಬೆಲೆ, ಸಾಗಣೆ, ಆಮದು ಸುಂಕ ಎಲ್ಲ ಸೇರಿ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಅಷ್ಟು ಬೇಡವೆನ್ನುವವರಿಗೆ ಘನ ಇಂಧನದ ಮಾತ್ರೆ ಉರಿಸುವ, ತೂಗಾಡುವ ಸಿಲಿಂಡರಿನ ಆಟಿಕೆ ಎಂಜಿನ್‌ಗಳಿವೆ; ಅವುಗಳ ಒತ್ತಡ ಬಲು ಕಡಿಮೆ, ವೇಗ ಹಿಡಿತಕ್ಕೆ ಸಿಗದು, ಹೊಗೆ ನಾತ. ನೀರು ಉಗಿಯಾಗಿ ತಳ್ಳುತ್ತದೆ ಎಂದು ತೋರಿಸಲು ಮಾತ್ರ ಆದೀತು. ಒಳ್ಳೆಯದನ್ನು ತರಿಸುವುದಾದರೆ ಎಂಜಿನ್ ಜೊತೆಗೇ ಗೇಜ್ ಗಾಜಿನ ಎರಡು ಬಿಡಿ ಕೊಳವೆ, ಒಂದು ಜೆಟ್, ಓ-ರಿಂಗ್ ಕಟ್ಟು, ಕೈಪಂಪು ಮತ್ತು ಅರ್ಧ ಲೀಟರ್ ಸಿಲಿಂಡರ್ ಎಣ್ಣೆಗೆ ಆರ್ಡರ್ ಕೊಡಿ. ಬಿಡಿಬಿಡಿಯಾಗಿ ತರಿಸಿದರೆ ಸಾಗಣೆ ಖರ್ಚೇ ವಸ್ತುವಿಗಿಂತ ಹೆಚ್ಚಾಗುತ್ತದೆ. ಬ್ಯುಟೇನ್ ಡಬ್ಬಿ ಮಾತ್ರ ವಿಮಾನದಲ್ಲಿ ಬರುವುದಿಲ್ಲ, ಇಲ್ಲೇ ಕೊಳ್ಳಬೇಕು. ಅದರ ಬಾಯಿ ಎಂಜಿನ್‌ನ ಮೂತಿಗೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿ, ಹೊಂದದಿದ್ದರೆ ಅಡಾಪ್ಟರನ್ನೂ ಅದೇ ಆರ್ಡರಿಗೆ ಸೇರಿಸಿ.